ಮುಚ್ಚಿದರೆ ಬಿಸಿ, ತೆರೆದರೆ ಧೂಳು: ಲ್ಯಾಪ್‌ಟಾಪ್ ಕಾಪಾಡುವ ಲೆಕ್ಕ

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ನೀರಿಗೆ ಬರ ಬಂದರೂ ಧೂಳಿಗೆ ಬರ ಬರುವುದಿಲ್ಲ. ಶಹಾಬಾದಿನ ಕಲ್ಲು, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು, ತೊಗರಿ ಬೇಳೆಯ ಮಿಲ್ಲುಗಳು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಕರಿಮಣ್ಣು, ಎಲ್ಲವೂ ಸೇರಿ ನಮ್ಮ ಕಿಟಕಿಗಳ ಮೇಲೆ ದಿನಾ ಒಂದು ಪದರ ಹಾಕುತ್ತವೆ. ಇದರ ಜೊತೆಗೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಧೂಳು ಮತ್ತು ಬಿಸಿ, ಇವೆರಡೂ ಲ್ಯಾಪ್‌ಟಾಪ್‌ನ ಶತ್ರುಗಳು. ತೊಂದರೆ ಏನೆಂದರೆ, ಒಂದರಿಂದ ಕಾಪಾಡಲು ಹೋದರೆ ಅದನ್ನು ಇನ್ನೊಂದರ ಕೈಗೆ ಕೊಟ್ಟಂತೆ ಆಗುತ್ತದೆ. ಧೂಳು ಬೇಡವೆಂದು ಬಟ್ಟೆ ಮುಚ್ಚಿದರೆ ಗಾಳಿ ಸಿಗದೆ ಬಿಸಿಯಾಗುತ್ತದೆ. ಗಾಳಿ ಬೇಕೆಂದು ತೆರೆದಿಟ್ಟರೆ ಧೂಳು ತುಂಬುತ್ತದೆ.

ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಲ್ಯಾಪ್‌ಟಾಪ್ ಇರುವುದು ಒಂದೇ. ಹಗಲು ಅಂಗಡಿಯ ಬಿಲ್ಲು, ರಾತ್ರಿ ಆಪಾಳ ಬಿ.ಕಾಂ. ಅಸೈನ್‌ಮೆಂಟ್, ನಡುವೆ ನಮ್ಮ ಸ್ಕಾಲರ್‌ಶಿಪ್ ಅರ್ಜಿ. ಅದು ಕೆಟ್ಟರೆ ಮೂರು ಕೆಲಸ ಒಮ್ಮೆಗೇ ನಿಲ್ಲುತ್ತವೆ. ಆದ್ದರಿಂದ ಈ ವಿಷಯವನ್ನು ನಾನು ಓದಿ, ಕೇಳಿ, ನೋಡಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿ. ವಿಜ್ಞಾನದ ಲೆಕ್ಕ ಬಂದ ಕಡೆ ಸೈನ್ಸ್ ಸೆಕ್ಷನ್‌ನ ಗೆಳೆಯರ ಸಹಾಯ ಪಡೆದಿದ್ದೇನೆ.

ಒಳಗೆ ಏನು ನಡೆಯುತ್ತದೆ?

ಲ್ಯಾಪ್‌ಟಾಪ್‌ನಲ್ಲಿ ಹೆಚ್ಚು ಬಿಸಿಯಾಗುವ ಭಾಗ ಪ್ರೊಸೆಸರ್. ಅದರ ಮೇಲೆ ಒಂದು ಚಪ್ಪಟೆ ತಾಮ್ರದ ಕೊಳವೆ ಕೂತಿರುತ್ತದೆ. ಈ ಕೊಳವೆ ಶಾಖವನ್ನು ಒಂದು ಮೂಲೆಗೆ ಒಯ್ಯುತ್ತದೆ. ಅಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ ತೆಳು ಲೋಹದ ಪಟ್ಟಿಗಳಿವೆ. ಒಂದು ಚಿಕ್ಕ ಫ್ಯಾನ್ ಕೆಳಗಿನ ಜಾಲರಿಯಿಂದ ಗಾಳಿ ಎಳೆದು ಈ ಪಟ್ಟಿಗಳ ಸಂದಿನಿಂದ ಹೊರಗೆ ತಳ್ಳುತ್ತದೆ. ಬದಿಯಲ್ಲೋ ಹಿಂದೆಯೋ ಕೈ ಇಟ್ಟರೆ ಬಿಸಿ ಗಾಳಿ ತಾಗುತ್ತದಲ್ಲ, ಅದು ಇದೇ ಗಾಳಿ.

ಪಟ್ಟಿಗಳ ನಡುವಿನ ಸಂದು ಬಹಳ ಕಿರಿದು. ಬರೀ ಸಣ್ಣ ಧೂಳು ಬಂದರೆ ಅದರಲ್ಲಿ ಹೆಚ್ಚಿನ ಪಾಲು ಗಾಳಿಯ ಜೊತೆಗೇ ಹೊರಗೆ ಹೋಗುತ್ತದೆ. ಆದರೆ ಕೂದಲು, ಹತ್ತಿಯ ಎಳೆ, ಕಂಬಳಿಯ ನಾರು ಬಂದರೆ ಅವು ಸಂದಿಗೆ ಅಡ್ಡವಾಗಿ ಕೂರುತ್ತವೆ. ಅವುಗಳ ಮೇಲೆ ಸಣ್ಣ ಧೂಳು ಹತ್ತಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಫ್ಯಾನ್ ಮತ್ತು ಪಟ್ಟಿಗಳ ನಡುವೆ ಗಾದಿಯಂತಹ ಒಂದು ಪದರ ಸಿದ್ಧವಾಗುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತದೆ, ಸದ್ದು ಮಾಡುತ್ತದೆ, ಆದರೆ ಗಾಳಿ ಹೊರಗೆ ಬರುವುದಿಲ್ಲ.

ಆಗ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ನೋಡುತ್ತದೆ. ಬಹಳಷ್ಟು ಪ್ರೊಸೆಸರ್‌ಗಳಿಗೆ 95ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಂದು ಮಿತಿ ಇರುತ್ತದೆ. ಆ ಮಿತಿ ಮುಟ್ಟಿದಾಗ ಅದು ತನ್ನ ವೇಗ ಇಳಿಸುತ್ತದೆ. "ಲ್ಯಾಪ್‌ಟಾಪ್ ಸ್ಲೋ ಆಗಿದೆ, ವೈರಸ್ ಬಂದಿರಬೇಕು" ಎಂದು ನಾವು ಹೇಳುವಾಗ ಎಷ್ಟೋ ಸಲ ಒಳಗೆ ಇರುವುದು ಧೂಳು. ವೇಗ ಇಳಿಸಿದರೂ ಬಿಸಿ ಇಳಿಯದಿದ್ದರೆ ಯಂತ್ರ ತಾನಾಗಿಯೇ ಬಂದ್ ಆಗುತ್ತದೆ.

ನಮ್ಮ ಅಬ್ಬಾ ಶಹಾಬಾದ್ ಕಲ್ಲಿನ ವ್ಯಾಪಾರ ಮಾಡುತ್ತಾರೆ. ಅಂಗಡಿಯ ಹಿಂದೆಯೇ ಕಲ್ಲು ಕತ್ತರಿಸಿ ಪಾಲಿಶ್ ಮಾಡುವ ಶೆಡ್. ಲ್ಯಾಪ್‌ಟಾಪ್ ಹಾಳಾಗಬಾರದೆಂದು ಅಬ್ಬಾ ಅದರ ಮೇಲೆ ಹಳೆಯ ಓಢಣಿಯೊಂದನ್ನು ಹೊದಿಸಿ, ಸ್ಕ್ರೀನ್ ಮಾತ್ರ ಕಾಣುವಂತೆ ಇಟ್ಟು ಕೆಲಸ ಮಾಡುತ್ತಿದ್ದರು. ಕಳೆದ ಏಪ್ರಿಲ್ 20ರ ಸಂಜೆ, ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನ, ಅದು ಎರಡು ಸಲ ತಾನಾಗಿಯೇ ಬಂದ್ ಆಯಿತು. ಭಾಯಿಜಾನ್ ಓಢಣಿ ತೆಗೆದು, ಅದನ್ನು ಎತ್ತಿ ಹಿಡಿದು, ಆರಿಸಿ, ಮತ್ತೆ ಚಾಲೂ ಮಾಡಿ ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿದರು. ಮರುದಿನ ರಿಪೇರಿಯವರು ಕೆಳಗಿನ ಮುಚ್ಚಳ ಬಿಚ್ಚಿದಾಗ ಬೂದು ಬಣ್ಣದ ಒಂದು ಪದರ ಇಡಿಯಾಗಿ ಕಿತ್ತು ಬಂತು. ಅದರಲ್ಲಿ ಕಲ್ಲಿನ ಪುಡಿ ಇತ್ತು, ಓಢಣಿಯ ಎಳೆಗಳೂ ಇದ್ದವು. ಅಂದರೆ ಕಾಪಾಡಲು ಹಾಕಿದ ಬಟ್ಟೆಯೇ ಗಾಳಿಯನ್ನೂ ತಡೆದಿತ್ತು, ಕಸವನ್ನೂ ಕೊಟ್ಟಿತ್ತು.

ಗಾಳಿಯ ಲೆಕ್ಕ

ಲ್ಯಾಪ್‌ಟಾಪ್ ಎಷ್ಟು ಗಾಳಿ ಸೇದುತ್ತದೆ ಎಂದು ಸೈನ್ಸ್ ಸೆಕ್ಷನ್‌ನ ಒಬ್ಬ ಗೆಳೆಯ ಲೆಕ್ಕ ಹಾಕಿಕೊಟ್ಟ. ಒಂದು ಘನ ಮೀಟರ್ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಬೇಕು. ಒಳಗೆ ಹೋದ ಗಾಳಿ 20 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಗೆ ಬರುತ್ತದೆ ಎಂದುಕೊಂಡರೆ ಒಂದು ಘನ ಮೀಟರ್ 24,000 ಜೂಲ್ ಹೊತ್ತೊಯ್ಯುತ್ತದೆ. ಲ್ಯಾಪ್‌ಟಾಪ್ 20 ವ್ಯಾಟ್ ಶಾಖ ಬಿಡುತ್ತಿದ್ದರೆ, ಅಂದರೆ ಸೆಕೆಂಡಿಗೆ 20 ಜೂಲ್, 1,200 ಸೆಕೆಂಡಿಗೆ ಅಥವಾ 20 ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಬೇಕು. ಗಂಟೆಗೆ 3 ಘನ ಮೀಟರ್, ಅಂದರೆ 3,000 ಲೀಟರ್. ದಿನಕ್ಕೆ 5 ಗಂಟೆ ಬಳಸಿದರೆ 15,000 ಲೀಟರ್ ಗಾಳಿ!

ಆ ಗಾಳಿಯಲ್ಲಿ ಧೂಳೆಷ್ಟು? ನಮ್ಮ ದೇಶದ ನಿಯಮದ ಪ್ರಕಾರ 10 ಮೈಕ್ರಾನ್‌ಗಿಂತ ಸಣ್ಣ ಧೂಳು ಒಂದು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು. ಗಾಳಿ ಸರಿಯಾಗಿ ಆ ಮಿತಿಯಲ್ಲೇ ಇದೆ ಎಂದುಕೊಳ್ಳಿ. ದಿನಕ್ಕೆ 15 ಘನ ಮೀಟರ್ ಎಂದರೆ 1.5 ಮಿಲಿಗ್ರಾಂ. ವರ್ಷಕ್ಕೆ 300 ದಿನ ಹಿಡಿದರೆ 450 ಮಿಲಿಗ್ರಾಂ, ಹತ್ತಿರ ಹತ್ತಿರ ಅರ್ಧ ಗ್ರಾಂ. ಕಲ್ಲಿನ ಶೆಡ್ಡಿನ ಪಕ್ಕ ಇದು ಎಷ್ಟೋ ಪಟ್ಟು ಹೆಚ್ಚಾಗಬಹುದು.

ಈ ಲೆಕ್ಕದಲ್ಲಿ ಒಂದು ಉಪಯೋಗದ ಮಾತು ಅಡಗಿದೆ. ಧೂಳು ತಾನಾಗಿ ನಡೆದು ಒಳಗೆ ಬರುವುದಿಲ್ಲ, ಗಾಳಿ ಅದನ್ನು ತರುತ್ತದೆ. ಗಾಳಿ ಬರುವುದು ಬಿಸಿ ಇರುವುದರಿಂದ. ಶಾಖ 20 ವ್ಯಾಟ್‌ನಿಂದ 10ಕ್ಕೆ ಇಳಿದರೆ ಗಾಳಿಯೂ ಅರ್ಧ, ಧೂಳೂ ಅರ್ಧ. ಹಾಗಾಗಿ ಧೂಳು ತಡೆಯುವ ಮೊದಲ ಉಪಾಯ ಮುಚ್ಚುವುದಲ್ಲ, ಬಿಸಿ ಕಡಿಮೆ ಮಾಡುವುದು. ಬೇಡದ ಬ್ರೌಸರ್ ಟ್ಯಾಬ್‌ಗಳನ್ನು ಮುಚ್ಚಿ. ವಿಂಡೋಸ್‌ನಲ್ಲಿ ಪವರ್ ಮೋಡ್ ಅನ್ನು ವಿದ್ಯುತ್ ಉಳಿಸುವ ಕಡೆಗೆ ಇಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" ಎಂಬುದು ಕಾಣಿಸಿದರೆ ಅದನ್ನು 100ರ ಬದಲು 99 ಮಾಡಿ. ಬಹಳಷ್ಟು ಯಂತ್ರಗಳಲ್ಲಿ ಇದರಿಂದ ಪ್ರೊಸೆಸರ್ ತನ್ನ ಅತಿ ವೇಗಕ್ಕೆ ಏರುವುದು ನಿಲ್ಲುತ್ತದೆ. ಟ್ಯಾಲಿ, ಎಕ್ಸೆಲ್, ಪಾಠದ ವಿಡಿಯೋಗಳಿಗೆ ಆ ವೇಗ ಬೇಕಾಗುವುದೂ ಇಲ್ಲ.

ಬೇಸಿಗೆಯ ಲೆಕ್ಕ ಬೇರೆ

ಶಾಖ ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದು ಒಳಗಿನ ಪಟ್ಟಿಗಳಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲಿದೆ. ಪಟ್ಟಿಗಳು 65 ಡಿಗ್ರಿ ಇವೆ ಎಂದುಕೊಳ್ಳಿ. ಜನವರಿಯಲ್ಲಿ ಕೋಣೆ 25 ಡಿಗ್ರಿ ಇದ್ದರೆ ಅಂತರ 40. ಮೇ ತಿಂಗಳಲ್ಲಿ ಕೋಣೆ 40 ಡಿಗ್ರಿ ಇದ್ದರೆ ಅಂತರ 25 ಮಾತ್ರ. ಅದೇ ಫ್ಯಾನ್, ಅದೇ ಗಾಳಿ, ಆದರೆ ಹೊರಗೆ ಹೋಗುವ ಶಾಖ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಅನೇಕ ಕಂಪನಿಗಳು ತಮ್ಮ ಲ್ಯಾಪ್‌ಟಾಪ್ ಬಳಸಲು 35 ಡಿಗ್ರಿವರೆಗಿನ ಕೋಣೆಯನ್ನೇ ಹೇಳುತ್ತವೆ. ನಮ್ಮ ತಗಡಿನ ಅಂಗಡಿಗಳಲ್ಲಿ ಮಧ್ಯಾಹ್ನ ಆ ಮಿತಿ ಸುಲಭವಾಗಿ ದಾಟುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಭಾರದ ಕೆಲಸಗಳನ್ನು, ಉದಾಹರಣೆಗೆ ವಿಂಡೋಸ್ ಅಪ್‌ಡೇಟ್ ಅಥವಾ ದೊಡ್ಡ ವಿಡಿಯೋ ತಯಾರಿ, ಬೆಳಿಗ್ಗೆ ಅಥವಾ ಇಶಾ ನಮಾಜಿನ ನಂತರ ಇಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಟರಿಗೂ ಇದೇ ಮಾತು. ಬಿಸಿಯಲ್ಲಿ ಲಿಥಿಯಂ ಬ್ಯಾಟರಿಯ ಆಯುಷ್ಯ ಬೇಗ ಇಳಿಯುತ್ತದೆ.

ಕೂಲರ್ ಬಗ್ಗೆಯೂ ಎಚ್ಚರ ಬೇಕು. ಕೂಲರ್ ಕೋಣೆಯನ್ನು ತಂಪು ಮಾಡುತ್ತದೆ, ಅದು ಲಾಭವೇ. ಆದರೆ ಅದರ ಮುಂದೆಯೇ ಲ್ಯಾಪ್‌ಟಾಪ್ ಇಟ್ಟರೆ ತೇವದ ಗಾಳಿ ಒಳಗಿನ ಧೂಳಿಗೆ ತಾಗಿ ಅದು ಮೆತ್ತಿಕೊಳ್ಳುತ್ತದೆ. ಒಣ ಧೂಳು ಬ್ರಷ್‌ಗೆ ಬರುತ್ತದೆ, ಮೆತ್ತಿದ ಧೂಳು ಬರುವುದಿಲ್ಲ. ಅಡುಗೆ ಮನೆಯ ಬಘಾರದ ಎಣ್ಣೆ ಹಬೆ, ಜುಮೇರಾತ್ ಸಂಜೆಯ ಊದು ಮತ್ತು ಲೋಬಾನಿನ ಹೊಗೆ ಕೂಡ ಹೀಗೆಯೇ ಅಂಟುತ್ತವೆ. ಆ ಹತ್ತು ಇಪ್ಪತ್ತು ನಿಮಿಷ ಲ್ಯಾಪ್‌ಟಾಪ್ ಬಂದ್ ಮಾಡಿ ಬೇರೆ ಕೋಣೆಯಲ್ಲಿಟ್ಟರೆ ಸಾಕು.

ಜಾಲರಿ ಕಟ್ಟಬಹುದೇ?

ಕೆಲವರು ಗಾಳಿ ಎಳೆಯುವ ಜಾಗಕ್ಕೆ ಕಾಲುಚೀಲದ ತೆಳು ಬಟ್ಟೆ ಅಥವಾ ಸೊಳ್ಳೆ ಪರದೆಯ ತುಂಡು ಅಂಟಿಸುತ್ತಾರೆ. ಇದನ್ನು ಅಳತೆ ಹಿಡಿದು ನೋಡೋಣ. ಕಿಟಕಿಯ ಸೊಳ್ಳೆ ಜಾಲರಿಯ ತೂತು ಸುಮಾರು 1 ಮಿಲಿಮೀಟರ್, ಅಂದರೆ 1,000 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಗಾಳಿಯಲ್ಲಿ ತೇಲುವ ಧೂಳು 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣದು. ಹಾಗಾದರೆ ಸೊಳ್ಳೆ ಜಾಲರಿ ಧೂಳನ್ನು ತಡೆಯುವುದಿಲ್ಲ. ಆದರೆ ಉದ್ದನೆಯ ನಾರು, ಕೂದಲಿನ ಗುಂಜುಗಳನ್ನು ಸ್ವಲ್ಪ ತಡೆಯುತ್ತದೆ.

ಸಣ್ಣ ಧೂಳನ್ನೂ ತಡೆಯುವಷ್ಟು ಒತ್ತಾದ ಬಟ್ಟೆ ಹಾಕಿದರೆ ಗಾಳಿಗೆ ಅಡ್ಡಿಯೂ ಅಷ್ಟೇ ಹೆಚ್ಚು. ಇದಕ್ಕೆ ಒಂದೇ ದಾರಿ ಫಿಲ್ಟರಿನ ವಿಸ್ತಾರ ಹೆಚ್ಚಿಸುವುದು. ಲಾರಿಯ ಏರ್ ಫಿಲ್ಟರ್ ಬಿಚ್ಚಿ ನೋಡಿದರೆ ಕಾಗದವನ್ನು ನೂರಾರು ಮಡಿಕೆ ಮಾಡಿರುವುದು ಇದಕ್ಕಾಗಿಯೇ. ಡೆಸ್ಕ್‌ಟಾಪ್ ಪೆಟ್ಟಿಗೆಯಲ್ಲಿ ದೊಡ್ಡ ಫಿಲ್ಟರಿಗೆ ಜಾಗ ಇದೆ. ಲ್ಯಾಪ್‌ಟಾಪ್‌ನ ಕೆಳಗೆ ಅಂಗೈಯಗಲದ ಜಾಗವೂ ಇಲ್ಲ, ಫ್ಯಾನಿನ ಶಕ್ತಿಯೂ ಕಡಿಮೆ. ಹಾಗಾಗಿ ಚಾಲೂ ಇರುವ ಲ್ಯಾಪ್‌ಟಾಪ್‌ಗೆ ಬಟ್ಟೆಯ ಫಿಲ್ಟರ್ ಬೇಡ ಎಂಬುದೇ ಉತ್ತರ. ಕೀಬೋರ್ಡ್ ಮೇಲೆ ಹಾಕುವ ಸಿಲಿಕೋನ್ ಹಾಳೆಯನ್ನೂ ನೋಡಿ ಹಾಕಬೇಕು. ಕೆಲವು ಮಾಡೆಲ್‌ಗಳು ಕೀಲಿಗಳ ಸಂದಿನಿಂದಲೂ ಗಾಳಿ ತೆಗೆದುಕೊಳ್ಳುತ್ತವೆ. ಹಾಳೆ ಹಾಕಿದ ಮೇಲೆ ಫ್ಯಾನಿನ ಸದ್ದು ಹೆಚ್ಚಿದರೆ ತೆಗೆದುಬಿಡಿ.

ಮುಚ್ಚುವುದು ಯಾವಾಗ, ಹೇಗೆ?

ಮುಚ್ಚುವುದೇ ತಪ್ಪಲ್ಲ. ಚಾಲೂ ಇರುವಾಗ ಮುಚ್ಚುವುದು ತಪ್ಪು. ದಿನದ 24 ಗಂಟೆಯಲ್ಲಿ 5 ಗಂಟೆ ಕೆಲಸ ಮಾಡಿದರೆ ಉಳಿದ 19 ಗಂಟೆ ಅದಕ್ಕೆ ಗಾಳಿಯ ಅಗತ್ಯವಿಲ್ಲ. ಆ ಸಮಯದಲ್ಲಿ ಧಾರಾಳವಾಗಿ ಮುಚ್ಚಿ. ಆದರೆ ಮೂರು ಮಾತು ನೆನಪಿರಲಿ.

ಒಂದು, ಪೂರ್ತಿ ಶಟ್‌ಡೌನ್ ಮಾಡಿ. ಬರೀ ಮುಚ್ಚಳ ಹಾಕಿದರೆ ಅದು ಸ್ಲೀಪ್‌ಗೆ ಹೋಗುತ್ತದೆ. ಈಗಿನ ಕೆಲವು ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲಿದ್ದಾಗಲೂ ಅಪ್‌ಡೇಟ್‌ಗಾಗಿ ನಡುವೆ ಎಚ್ಚರಗೊಳ್ಳುತ್ತವೆ. ಬ್ಯಾಗಿನೊಳಗೆ ಎಚ್ಚರವಾದರೆ ಬಿಸಿ ಹೋಗಲು ದಾರಿ ಇರುವುದಿಲ್ಲ. ಎರಡು, ಬಂದ್ ಮಾಡಿದ ಮೇಲೆ ಹದಿನೈದು ನಿಮಿಷ ಆರಲು ಬಿಡಿ. ಮೂರು, ಎಳೆ ಬಿಡುವ ಹಳೆಯ ಬೆಡ್‌ಶೀಟ್, ಟವೆಲ್, ಉಣ್ಣೆ ಬಟ್ಟೆ ಬೇಡ. ನಯವಾದ, ಒತ್ತಾಗಿ ನೇಯ್ದ ಬಟ್ಟೆಯ ಚೀಲ ಸಾಕು. ತಿಂಗಳಿಗೊಮ್ಮೆ ಆ ಚೀಲವನ್ನೂ ಒಗೆಯಿರಿ.

ಇಡುವ ಜಾಗವೇ ಅರ್ಧ ರಕ್ಷಣೆ

ಕಸ ಗುಡಿಸುವಾಗ, ಜನ ನಡೆದಾಡುವಾಗ ಧೂಳು ಏಳುವುದು ನೆಲದಿಂದ. ಆದ್ದರಿಂದ ಲ್ಯಾಪ್‌ಟಾಪ್ ನೆಲದ ಮೇಲೆ, ಗಾದಿಯ ಮೇಲೆ, ಜಮಖಾನೆಯ ಮೇಲೆ ಬೇಡ. ಗಾದಿಯ ಮೇಲೆ ಇಟ್ಟರೆ ಕೆಳಗಿನ ಜಾಲರಿ ಮುಚ್ಚಿಹೋಗುತ್ತದೆ, ಹತ್ತಿಯ ಎಳೆಯೂ ಸಿಗುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು, ಹಿಂದಿನ ಎರಡು ಮೂಲೆಗಳನ್ನು ಎರಡು ಮೂರು ಸೆಂಟಿಮೀಟರ್ ಎತ್ತಿದರೆ ಕೆಳಗೆ ಗಾಳಿ ಆಡುತ್ತದೆ. ಬಾಟಲಿಯ ಎರಡು ಮುಚ್ಚಳ ಇಟ್ಟರೂ ನಡೆಯುತ್ತದೆ. ಸ್ಟ್ಯಾಂಡ್ ಬೇಕೆಂದರೆ ಬಡಿಗರಿಂದ ಒಂದು ಮರದ ಚೌಕಟ್ಟು ಮಾಡಿಸಿ. ಮನೆಯ ರೆಹಲ್ ಕಡೆ ಮಾತ್ರ ಕೈ ಹಾಕಬೇಡಿ, ಅದು ಕುರ್‌ಆನಿಗೆ ಮೀಸಲು. ಅಮ್ಮಿಯರ ಕಣ್ಣು ತಪ್ಪಿಸಲಾಗದು. ಚಾರ್ಜರ್‌ನ ಕರಿ ಡಬ್ಬಿಯನ್ನೂ ದಿಂಬಿನ ಕೆಳಗೆ ಬಿಡಬೇಡಿ, ಅದಕ್ಕೂ ಗಾಳಿ ಬೇಕು.

ಕಸ ಗುಡಿಸುವ ಮೊದಲು ಲ್ಯಾಪ್‌ಟಾಪ್ ಬಂದ್ ಮಾಡಿ. ಒಣ ಪೊರಕೆಗಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಅಂಗಡಿಯಾದರೆ ಮುಂದಿನ ಜಾಗಕ್ಕೆ ಬೆಳಿಗ್ಗೆ ಮತ್ತು ಅಸರ್ ಹೊತ್ತಿಗೆ ನೀರು ಚಿಮುಕಿಸಿ. ಧೂಳಿನ ಕೆಲಸ ನಡೆಯುವ ಕಡೆಯಿಂದ ಲ್ಯಾಪ್‌ಟಾಪ್ ದೂರವಿಡಿ. ನಮ್ಮ ಅಂಗಡಿಯಲ್ಲಿ ಈಗ ಅದು ಒಳಗಿನ ಕೋಣೆಯ ಎತ್ತರದ ಕಪಾಟಿನಲ್ಲಿದೆ. ಕೌಂಟರ್ ಮೇಲೆ ಉದ್ದ ವೈರಿನ ಒಂದು ಹಳೆಯ ಮಾನಿಟರ್, ಕೀಬೋರ್ಡ್, ಮೌಸ್ ಇವೆ. ಧೂಳು ತಿನ್ನುವುದು ಕಡಿಮೆ ಬೆಲೆಯ ಕೀಬೋರ್ಡ್, ದುಬಾರಿ ಯಂತ್ರವಲ್ಲ.

ಸ್ವಚ್ಛ ಮಾಡುವ ಕ್ರಮ

ಮೊದಲು ಪರೀಕ್ಷೆ. ಲ್ಯಾಪ್‌ಟಾಪ್ ಚಾಲೂ ಇದ್ದು ಫ್ಯಾನ್ ತಿರುಗುವಾಗ ಬಿಸಿ ಗಾಳಿ ಬರುವ ಕಡೆ ತೆಳು ಕಾಗದದ ಪಟ್ಟಿ ಹಿಡಿಯಿರಿ. ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದ್ದರೂ ಕಾಗದ ಅಲುಗದಿದ್ದರೆ ಒಳಗೆ ಗಾದಿ ಕಟ್ಟಿದೆ ಎಂದರ್ಥ.

ಹೊರಗಿನ ಧೂಳಿಗೆ ಮೆದು ಬ್ರಷ್ ಸಾಕು, ವಾರಕ್ಕೊಮ್ಮೆ. ಸ್ಕ್ರೀನ್ ಒರೆಸುವ ಮೊದಲು ಬ್ರಷ್‌ನಿಂದ ಧೂಳು ಉದುರಿಸಿ. ಇಲ್ಲದಿದ್ದರೆ ಕಲ್ಲಿನ ಪುಡಿಯಿಂದಲೇ ಸ್ಕ್ರೀನ್ ಉಜ್ಜಿದಂತಾಗುತ್ತದೆ. ಒಳಗಿನ ಸ್ವಚ್ಛತೆ ವರ್ಷಕ್ಕೊಮ್ಮೆ, ನಮ್ಮಂಥ ಧೂಳಿನ ಜಾಗದಲ್ಲಿ ಎರಡು ಸಲ, ಕೆಳಗಿನ ಮುಚ್ಚಳ ಬಿಚ್ಚಿ ಮಾಡಿಸಬೇಕು. ವಾರಂಟಿ ಇರುವಾಗ ಕಂಪನಿಯ ಸೇವಾ ಕೇಂದ್ರವನ್ನು ಕೇಳದೆ ಬಿಚ್ಚಬೇಡಿ. ಮುಚ್ಚಳ ತೆರೆದಾಗ ಪದರವನ್ನು ಚಿಮಟದಿಂದ ಎತ್ತಿ ತೆಗೆಯಬೇಕು, ಉಳಿದದ್ದನ್ನು ಬ್ಲೋವರ್‌ನಿಂದ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ಹಿಡಿದಿರಬೇಕು. ಇಲ್ಲವಾದರೆ ಅದು ತನ್ನ ಮಿತಿಗಿಂತ ವೇಗವಾಗಿ ತಿರುಗಿ ಹಾಳಾಗಬಹುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡವೇ ಬೇಡ. ಅದರ ಒತ್ತಡ ಜಾಸ್ತಿ, ಜೊತೆಗೆ ನೀರು ಮತ್ತು ಎಣ್ಣೆಯ ಹನಿ ಇರುತ್ತದೆ.

ಕಾಮರ್ಸ್‌ನವರ ಮಾತು

ಸವಕಳಿಯ ಪಾಠ ನಮಗೆಲ್ಲ ಗೊತ್ತು. ಆದಾಯ ತೆರಿಗೆ ನಿಯಮದಲ್ಲಿ ಪೀಠೋಪಕರಣಕ್ಕೆ ವರ್ಷಕ್ಕೆ 10% ಸವಕಳಿಯಾದರೆ ಕಂಪ್ಯೂಟರ್‌ಗೆ 40%. ಅಂದರೆ ಇದು ಬೇಗ ಬೆಲೆ ಕಳೆದುಕೊಳ್ಳುವ ಆಸ್ತಿ. ಉದಾಹರಣೆಗೆ ₹45,000ದ ಲ್ಯಾಪ್‌ಟಾಪ್, ಕೊನೆಗೆ ₹5,000 ಬರುತ್ತದೆ ಎಂದುಕೊಳ್ಳಿ. ಐದು ವರ್ಷ ಬಾಳಿದರೆ ಸರಳ ರೇಖಾ ಪದ್ಧತಿಯಲ್ಲಿ ವರ್ಷಕ್ಕೆ ₹8,000. ಮೂರೇ ವರ್ಷಕ್ಕೆ ಹೋದರೆ ವರ್ಷಕ್ಕೆ ₹13,333. ವ್ಯತ್ಯಾಸ ₹5,333. ಸ್ವಚ್ಛ ಮಾಡಿಸಲು ವರ್ಷಕ್ಕೆ ಸಾವಿರ ರೂಪಾಯಿ ಖರ್ಚಾದರೂ ಲಾಭವೇ. ಆದರೆ ಒಳಗಿರುವ ಉದ್ರಿ ಲೆಕ್ಕ, ಗ್ರಾಹಕರ ಬಾಕಿ, ಆಪಾಳ ಪ್ರಾಜೆಕ್ಟ್, ಇವಕ್ಕೆ ಯಾವ ಸವಕಳಿ ದರವೂ ಇಲ್ಲ. ಅವು ಹೋದರೆ ಹೋದವು. ಆದ್ದರಿಂದ ಎಷ್ಟೇ ಜೋಪಾನ ಮಾಡಿದರೂ ವಾರಕ್ಕೊಮ್ಮೆ ಪೆನ್ ಡ್ರೈವ್‌ಗೆ ನಕಲು ತೆಗೆದಿಡಿ.

ಫ್ಯಾನ್ ಇಲ್ಲದವರ ವಿಷಯ

ರಿಪೇರಿಯವರು ಕಿತ್ತು ಕೊಟ್ಟ ಆ ಬೂದು ಪದರವನ್ನು ಅಬ್ಬಾ ಒಂದು ಕಾಗದದಲ್ಲಿ ಸುತ್ತಿ ಅಂಗಡಿಗೆ ತಂದು ಶೆಡ್ಡಿನ ಕೆಲಸಗಾರರಿಗೆ ತೋರಿಸಿದರು. ಲ್ಯಾಪ್‌ಟಾಪ್ ಇದ್ದದ್ದು ಶೆಡ್ಡಿನ ಹೊರಗೆ, ಅದೂ ದಿನಕ್ಕೆ ಐದಾರು ಗಂಟೆ. ಚಾಚಾಗಳು ಇರುವುದು ಶೆಡ್ಡಿನ ಒಳಗೆ, ದಿನವಿಡೀ. ಲ್ಯಾಪ್‌ಟಾಪ್‌ನ ಮುಚ್ಚಳ ಬಿಚ್ಚಿ ಸ್ವಚ್ಛ ಮಾಡಬಹುದು, ಶ್ವಾಸಕೋಶವನ್ನು ಹಾಗೆ ಮಾಡಲಾಗದು. ಮೂಗಿಗೆ ಕಟ್ಟುವ ದಸ್ತಿಯ ಕಥೆಯೂ ಸೊಳ್ಳೆ ಜಾಲರಿಯ ಕಥೆಯಂತೆಯೇ. ದಪ್ಪ ಪುಡಿಯನ್ನು ತಡೆಯುತ್ತದೆ, ಒಳಗೆ ಇಳಿಯುವ ಸಣ್ಣ ಧೂಳನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ಎನ್95 ಮಾಸ್ಕ್ 0.3 ಮೈಕ್ರಾನ್ ಅಳತೆಯ ಕಣಗಳಲ್ಲೂ ಕನಿಷ್ಠ 95%ರಷ್ಟನ್ನು ತಡೆಯುತ್ತದೆ, ಮುಖಕ್ಕೆ ಸರಿಯಾಗಿ ಕೂತಿದ್ದರೆ.

ಈಗ ಶೆಡ್ಡಿನಲ್ಲಿ ಕತ್ತರಿಸುವಾಗಲೆಲ್ಲ ಬ್ಲೇಡಿಗೆ ನೀರು ಬಿಡುತ್ತಾರೆ. ಮಾಸ್ಕ್ ಹಾಕಿದರೆ ಬಿಸಿಲಿನಲ್ಲಿ ಉಸಿರು ಕಟ್ಟಿದಂತಾಗುತ್ತದೆ ಎಂದು ಚಾಚಾಗಳು ಹೇಳುತ್ತಾರೆ, ಅದೂ ನಿಜವೇ. ಅದಕ್ಕೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕತ್ತರಿಸುವ ಕೆಲಸ ನಿಲ್ಲಿಸಿ ಬೆಳಿಗ್ಗೆ ಬೇಗ ಶುರು ಮಾಡುತ್ತಿದ್ದಾರೆ. ನಿಮ್ಮ ಮನೆಯವರಲ್ಲಿ ಯಾರಾದರೂ ಕಲ್ಲು, ಸಿಮೆಂಟ್, ಬೇಳೆ ಮಿಲ್ಲಿನ ಕೆಲಸದಲ್ಲಿದ್ದರೆ ಲ್ಯಾಪ್‌ಟಾಪ್ ಬಗ್ಗೆ ಹೇಳುವಾಗ ಇದನ್ನೂ ಅವರಿಗೆ ಹೇಳಿ.